ನೀರಿಗಿಳಿದ ಎಡಗೈ

ಮಾವಾ,

ನೀನು ಇದನ್ನು ಓದುತ್ತೀ ಎಂಬ ನಂಬಿಕೆ ನನಗಿದೆ, ಲಚುಮಿಗೆ ಇಲ್ಲ. "ಬದುಕಿದ್ದಾಗ ಹೆಬ್ಬೆಟ್ಟು ಒತ್ತತಿದ್ದ ನಮ್ಮಪ್ಪ, ಸತ್ತಮ್ಯಾಲ ಓದಾಕ ಕಲ್ತಾನೇನು?" ಎಂದು ನಿನ್ನ ಮಗಳು ಒಲೆಯ ಮುಂದೆ ಕೂತು ಗೊಣಗುತ್ತಿದ್ದಾಳೆ. ನನಗೋ ಮೊದಲಿನಿಂದಲೂ ಒಂದು ಗುಮಾನಿ. ಕಚೇರಿಯಿಂದ ಕಾಗದ ಬಂದಾಗ ನೀನು ಅದನ್ನು ಒಂದು ಸಲವೂ ತಲೆಕೆಳಗಾಗಿ ಹಿಡಿದವನಲ್ಲ. ಅಕ್ಷರ ಬಾರದವನಿಗೆ ಕಾಗದದ ತಲೆ ಯಾವುದು, ಕಾಲು ಯಾವುದು ಎಂದು ಹೇಗೆ ತಿಳಿಯುತ್ತಿತ್ತು? ಮೂರನೇ ಕ್ಲಾಸು ಮುಟ್ಟಿ ಬಂದ ನಾನೇ ಎರಡು ಸಲ ತಿರುಗಿಸಿ ನೋಡುತ್ತಿದ್ದೆ. ಅಂದಮೇಲೆ ಓದು. ಬರುವುದಿಲ್ಲ ಎಂದು ಈಗಲೂ ನಾಟಕ ಮಾಡಬೇಡ.

ನೀನು ನನ್ನ ಕೈಗೆ ಹರಿಗೋಲಿನ ಹುಟ್ಟು ಕೊಟ್ಟ ದಿನ ನೆನಪಿದೆಯೇ? ಅದರ ನಿಯಮವನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಬರೆದಿಡುತ್ತೇನೆ, ನಿಯಮ ಮರೆತಿತ್ತು ಎಂದು ನೀನು ಜಾರಿಕೊಳ್ಳಬಾರದು. ನಮ್ಮ ಕಂಪ್ಲಿ ಕಡವಿನಲ್ಲಿ ಈ ದಂಡೆ ಇಂಗ್ಲೀಷರದ್ದು, ಆ ದಂಡೆ ನಿಜಾಮರದ್ದು. ಈ ದಂಡೆಯಲ್ಲಿ ಕೊಟ್ಟದ್ದು ಆ ದಂಡೆಯಲ್ಲಿ ನಡೆಯುವುದಿಲ್ಲ. ಅದಕ್ಕೇ ಅಂಬಿಗರ ಹಿರಿಯರು ಕೊಡುವುದನ್ನು ಹೊಳೆಯ ನಡುವೆ, ನಡುಗುಂಡು ಎನ್ನುವ ಆ ಬಂಡೆಯ ಹತ್ತಿರ ಇಟ್ಟರು. ಹರಿಗೋಲಿನ ಹಕ್ಕು ಬಿಡುವವನು ಅಲ್ಲಿ ಹುಟ್ಟನ್ನು ಇನ್ನೊಬ್ಬನ ಕೈಗೆ ಕೊಟ್ಟು, ಅವನಿಗೆ ಬೆನ್ನು ಮಾಡಿ ಕೂರಬೇಕು. ದಂಡೆ ಮುಟ್ಟುವವರೆಗೆ ಎರಡೂ ಕೈ ತೊಡೆಯ ಮೇಲೆ. ಹುಟ್ಟು ಮುಟ್ಟಿದರೂ ಸರಿ, ನೀರು ಮುಟ್ಟಿದರೂ ಸರಿ, ಹಕ್ಕು ಕೊಟ್ಟವನ ಮನೆಗೇ ವಾಪಸ್ಸು. ಅಂಬಿಗನಿಗೆ ಅಂಗೈಯೂ ಒಂದು ಹುಟ್ಟೇ ಅಲ್ಲವೇ?

ಆ ದಿನ ದಂಡೆಯ ಮೇಲೆ ಊರಿನ ಅಂಬಿಗರೆಲ್ಲ ನಿಂತಿದ್ದರು. ನಿನ್ನ ಮಗ ತಿಮ್ಮ ಇರಲಿಲ್ಲ. ಅವನು ಹರಿಗೋಲು ಬೇಡವೆಂದು ಸಂಡೂರಿನ ಗುಡ್ಡಕ್ಕೆ, ಕಪ್ಪುಕಲ್ಲಿನ ಗಣಿಗೆ ಹೋಗಿ ಎರಡು ವರ್ಷವಾಗಿತ್ತು. ಅವನಿಲ್ಲವೆಂದೇ ಅಳಿಯನಿಗೆ ಹುಟ್ಟು ಸಿಕ್ಕಿತು. ನಡುಗುಂಡಿನ ಹತ್ತಿರ ನೀನು ಕೊಟ್ಟೆ, ನಾನು ತೆಗೆದುಕೊಂಡೆ. ನೀನು ಬೆನ್ನು ಮಾಡಿ ಕೂತೆ. ಗುಂಡು ದಾಟಿದ ಕೂಡಲೇ ಆ ಸುಳಿ. ಹರಿಗೋಲು ಒಂದು ಸುತ್ತು ತಿರುಗಿತು, ಇನ್ನೊಂದಕ್ಕೆ ಹೊರಟಿತು. ಆಗ ನೋಡಿದೆ ಮಾವ. ದಂಡೆಯವರಿಗೆ ಕಾಣದ ಕಡೆಯಲ್ಲಿ, ನಿನ್ನ ಎಡಗೈ ಮೊಣಕೈವರೆಗೆ ನೀರಿನಲ್ಲಿತ್ತು. ಹರಿಗೋಲು ಸಾಧು ಎಮ್ಮೆಯ ಹಾಗೆ ನೆಟ್ಟಗಾಯಿತು.

"ಮಾವ, ಕೈ ಯಾಕ ನೀರಾಗ?" ಎಂದೆ.

"ಎಲಿ ಹಾಕ್ಕೊಂಡಿದ್ನಲೇ, ಬೆರಳಿಗೆ ಸುಣ್ಣ ಹತ್ತಿತ್ತು. ತೊಳಕಂತೀನಿ" ಎಂದೆ ನೀನು, ಹಿಂದಿರುಗಿ ನೋಡದೆ.

ಹಲ್ಲು ಹೋದ ಮೇಲೆ ನೀನು ಎಲೆ ಅಡಿಕೆ ಬಿಟ್ಟು ಎರಡು ವರ್ಷವಾಗಿತ್ತಲ್ಲ! ಯಾವ ಸುಣ್ಣ ಮಾವ? ಯಾರ ಮನೆಯ ಸುಣ್ಣ?

ದಂಡೆ ಮುಟ್ಟಿದೆವು. ಹಿರಿಯ ದುರುಗಜ್ಜ ಪದ್ಧತಿಯಂತೆ ಹುಟ್ಟು ಹಿಡಿದವನನ್ನು ಕೇಳಿದ, "ಕೊಟ್ಟಾವನ ಕೈ ಒಣಗಿತ್ತೇನಲೇ ಹನುಮ?" ನಾನು ನಿನ್ನ ಮುಖ ನೋಡಿದೆ. ನೀನು ಆಕಾಶ ನೋಡುತ್ತಿದ್ದೆ, ಅಲ್ಲಿ ಯಾರೋ ಗಾಳಿಪಟ ಬಿಟ್ಟಿದ್ದಾರೆ ಎನ್ನುವ ಹಾಗೆ. "ಒಣಗಿತ್ತಜ್ಜ" ಎಂದೆ. ನಾನು ಊರಿಗೆಲ್ಲ ಸುಳ್ಳು ಹೇಳಿ ನಗಿಸುವವನು ನಿಜ. ಆದರೆ ಯಾರೂ ನಗದ ಸುಳ್ಳು ಹೇಳಿದ್ದು ಅದೇ ಮೊದಲು.

ನೀನು ತೀರಿಕೊಂಡ ವರ್ಷ ತಿಮ್ಮ ಸಂಡೂರಿನಿಂದ ಇಳಿದು ಬಂದ. ತಿಥಿ ಮುಗಿದ ಮೂರನೇ ದಿನ ಅಂಬಿಗರನ್ನೆಲ್ಲ ಕಡವಿನ ಅರಳಿ ಕಟ್ಟೆಗೆ ಕೂಡಿಸಿದ. "ಅಪ್ಪ ನನ್ನ ನೋಡಾಕ ಸಂಡೂರಿಗೆ ಬಂದಾಗ ಬಾಯಿಬಿಟ್ಟು ಹೇಳ್ಯಾನ. ಹುಟ್ಟು ಕೊಟ್ಟ ದಿನ ಅವನ ಕೈ ನೀರಾಗ ಇತ್ತಂತ. ಹಕ್ಕು ನಮ್ಮ ಮನಿಗೆ ವಾಪಸ್ ಬಂದೈತಿ" ಎಂದ. ನನಗೆ ಹೇಳಿದ್ದು ಸುಣ್ಣ, ಮಗನಿಗೆ ಹೇಳಿದ್ದು ಕೈ! ಹಾಗಾದರೆ ನೀನು ಬಲಗೈಯಿಂದ ಅಳಿಯನಿಗೆ ಕೊಟ್ಟು, ಎಡಗೈಯಿಂದ ಮಗನಿಗೆ ಎಂದು ಹಿಡಿದಿಟ್ಟಿದ್ದೆಯಾ? ಅವನು ಗಣಿ ಸಾಕಾಗಿ ತಿರುಗಿ ಬರುವವರೆಗೆ ನಾನು ಕಾವಲುಗಾರ, ಹೊಲದ ಬೆದರುಬೊಂಬೆ...

ದುರುಗಜ್ಜ ನನ್ನ ಕಡೆ ತಿರುಗಿದ. "ಹನುಮ, ಖರೆ ಹೇಳು. ನಿನ್ನ ಮಾವನ ಕೈ ಎಲ್ಲಿತ್ತು?"

"ಅಜ್ಜ, ಆ ಸುಳಿಯಾಗ ನನ್ನ ಕಣ್ಣಗುಡ್ಡಿ ಸೈತ ಗಿರಗಿರ ತಿರಗತಿದ್ವು. ನನ್ನ ಧೋತರ ನನ್ನ ಸೊಂಟದ ಮ್ಯಾಲ ಐತೋ ಇಲ್ಲೋ ಅಂತ ನೋಡಾಕ ಪುರುಸೊತ್ತಿರ್ಲಿಲ್ಲ, ಮಾವನ ಕೈ ಎಲ್ಲಿ ನೋಡ್ಲಿ?"

ಕಟ್ಟೆಯೆಲ್ಲ ನಕ್ಕಿತು. ದುರುಗಜ್ಜ ಕೆಮ್ಮುತ್ತಾ ನಕ್ಕ. ಆ ನಗುವಿನಲ್ಲಿ ಮಾತು ಕೊಚ್ಚಿಕೊಂಡು ಹೋಯಿತು. ತಿಮ್ಮ ಒಬ್ಬನೇ ನಗಲಿಲ್ಲ. ಟವಲು ಹೆಗಲಿಗೆ ಹಾಕಿಕೊಂಡು, ಅಕ್ಕನ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯದೆ ಸಂಡೂರಿನ ದಾರಿ ಹಿಡಿದ. ಲಚುಮಿ ಅವನ ಹಿಂದೆ ಊರ ಬಾಗಿಲಿನವರೆಗೆ ಓಡಿ ಬರಿಗೈಯಲ್ಲಿ ಬಂದಳು. ಅವತ್ತಿನಿಂದ ನನ್ನ ಜೋಕಿಗೆ ಅವಳು ನಕ್ಕದ್ದನ್ನು ಕಂಡಿಲ್ಲ.

ಹೋದ ಕಾರ್ತೀಕದಲ್ಲಿ ನಿನ್ನ ಮರದ ಪೆಟ್ಟಿಗೆಗೆ ಗೆದ್ದಲು ಹತ್ತಿತು. ಬಿಚ್ಚಿ ಬಿಸಿಲಿಗೆ ಹಾಕಿದೆವು. ನಿನ್ನ ರುಮಾಲು, ತುಕ್ಕು ಹಿಡಿದ ಗಾಳ, ಅದರ ಕೆಳಗೆ ನಾಲ್ಕು ಮಡಿಕೆಯ ಒಂದು ಕಾಗದ. ಇಂಗ್ಲೀಷು. ಕೆಳಗೆ ಹೆಬ್ಬೆಟ್ಟಿಗೆ ಬಿಟ್ಟ ಜಾಗ ಖಾಲಿ. ಲಚುಮಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹೆಬ್ಬೆಟ್ಟಿನ ಮನುಷ್ಯನ ಪೆಟ್ಟಿಗೆಯಲ್ಲಿ ಹೆಬ್ಬೆಟ್ಟಿಲ್ಲದ ಕಾಗದ ಯಾಕೆ?

ಮರುದಿನವೇ ಹೊಸಪೇಟೆಗೆ ಹೋದೆ. ಕಚೇರಿಯ ಮುಂದಿನ ಬೇವಿನಮರದ ಕೆಳಗೆ ಅರ್ಜಿ ಬರೆಯುವ ಶಾಮರಾಯರು ದಾರ ಕಟ್ಟಿದ ಕನ್ನಡಕ ಏರಿಸಿಕೊಂಡು ಕೂತಿದ್ದರು.

"ಏನೋ ಹನುಮ, ಯಾರ ಮ್ಯಾಲ ಅರ್ಜಿ?"

"ಸತ್ತವರ ಮ್ಯಾಲ ರಾಯರ. ಬರಿಯಾಕ ಬರತೈತೇನ್ರಿ?"

"ಬರೀಬಹುದು. ಸಮನ್ಸು ಮುಟ್ಟಿಸೋದು ಕಷ್ಟ."

ಕಾಗದ ನೋಡಿದವರೇ ಕನ್ನಡಕ ತೆಗೆದು ಒರೆಸಿದರು. ಅದು ಅವರದೇ ಅಕ್ಷರವಂತೆ. ಓದಿದರು. ಹುಲುಗಪ್ಪ ಎಂಬ ನಾನು ಕಂಪ್ಲಿ ಕಡವಿನ ಹರಿಗೋಲಿನ ಹಕ್ಕನ್ನು ನನ್ನ ಅಳಿಯ ಹನುಮನಿಗೆ... ಅಲ್ಲಿ ಅವರ ಬೆರಳು ಒಂದು ಪದದ ಮೇಲೆ ನಿಂತಿತು. "ಸೀಡ್" ಎಂದರು.

"ಕೊಟ್ಟೀನಿ ಅಂತಲೇನ್ರಿ?"

"ಬರೇ ಕೊಡೋದಕ್ಕ ಸಣ್ಣ ಪದ ಬ್ಯಾರೇನ ಐತಿ. ದಾನ ಮಾಡಿದ್ರ ಅದಕ್ಕ ಒಂದು. ಯುದ್ಧದಾಗ ಸೋತು ಕತ್ತಿ ಕೆಳಗಿಟ್ರ ಅದಕ್ಕ ಇನ್ನೊಂದು. ವಾದದಾಗ 'ನೀ ಅಂದದ್ದೂ ಖರೆ' ಅಂತ ತಲಿ ಬಗ್ಗಿಸಿದ್ರ ಮತ್ತೊಂದು. ಇದು ಯಾವ್ದೂ ಅಲ್ಲ. ತನ್ನ ಸ್ವಾಧೀನದಾಗಿನ ನೆಲ, ಅಧಿಕಾರ, ಹಕ್ಕು, ಇಂಥಾದ್ದನ್ನ ಕರಾರು ಮಾಡಿ ಇನ್ನೊಬ್ಬರಿಗೆ ಬಿಟ್ಟುಕೊಡೋದು. ರಾಜರು ಸರ್ಕಾರದವರು ಬಳಸೋ ಪದ. ಹೆಂಡ್ತಿಗೆ ಸೀರಿ ಕೊಡೋದಕ್ಕ ಇದನ್ನ ಬಳಸಿದ್ರ ಜನ ನಗ್ತಾರ."

"ನನ್ನ ಹೆಂಡ್ತಿ ನಗಂಗಿಲ್ರಿ, ಸೀರಿ ಬಂದ್ರ ಸಾಕು. ಅಲ್ರಿ, ಇದರಾಗ ಕೊಡೋವನ ಮನಸು ಇರಬೇಕೇನ್ರಿ?"

"ಮನಸಿನ ಉಸಾಬರಿ ಈ ಪದಕ್ಕಿಲ್ಲ. ಕೈ ತಗದ್ರ ಸಾಕು. ಆದ್ರ ಪೂರಾ ತಗೀಬೇಕು. ನಿಮ್ಮ ಜಿಲ್ಲಾಕ್ಕ ಇದೇ ಹೆಸರಲ್ಲೇನೋ ಹುಚ್ಚಪ್ಪ? ಸೀಡೆಡ್ ಜಿಲ್ಲಾ ಅಂತಾರ. ಸೈನ್ಯದ ಖರ್ಚಿಗಂತ ನಿಜಾಮರು ನಮ್ಮನ್ನೆಲ್ಲ ಇಂಗ್ಲೀಷರ ಕುಂಪಣಿಗೆ ಬಿಟ್ಟುಕೊಟ್ಟರು. ಅವತ್ತು ಮನಸು ಯಾರು ಕೇಳಿದ್ರು?"

"ನಿಜಾಮರ ಕೈ ನೀರಾಗ ಇತ್ತೇನ್ರಿ?"

ರಾಯರಿಗೆ ಅದು ತಿಳಿಯಲಿಲ್ಲ. ನಿನಗೆ ತಿಳಿದಿರುತ್ತದೆ.

ಆಮೇಲೆ ಅವರು ಹೇಳಿದ್ದನ್ನು ಕೇಳು. ನೀನು ನನಗೆ ಹುಟ್ಟು ಕೊಟ್ಟ ಮರುವರ್ಷ ಅವರ ಮುಂದೆ ಬಂದು ಕೂತೆಯಂತೆ. ಬರೆಸಿ, ಎರಡು ಸಲ ಓದಿಸಿ ಕೇಳಿದೆಯಂತೆ. "ವಾಪಸ್ ತಗೋಳಾಕ ಬರಂಗಿಲ್ಲೇನ್ರಿ?" ಎಂದೆಯಂತೆ. ಬರುವುದಿಲ್ಲ ಎಂದರಂತೆ. ಮಸಿಯ ಡಬ್ಬಿ ಮುಂದಿಟ್ಟರೆ, "ಮನೀಗೆ ಹೋಗಿ ಒತ್ತತೀನ್ರಿ" ಎಂದು ಎದ್ದು ಬಂದೆಯಂತೆ. "ಇಷ್ಟು ವರ್ಷ ಆತು, ಅಂಥಾ ಗಿರಾಕಿ ಮತ್ತ ಬಂದಿಲ್ಲ" ಎಂದರು ರಾಯರು. ಮನೆಯಲ್ಲಿ ಮಸಿ ಎಲ್ಲಿತ್ತು ಮಾವ? ನಮ್ಮ ಮನೆಯಲ್ಲಿದ್ದ ಕಪ್ಪು ಅಂದರೆ ಬಾಣಲೆಯ ಬುಡ ಒಂದೇ.

ವಾಪಸ್ಸು ಬರುವಾಗ ನಾನು ಹತ್ತಿದ್ದ ಬಾಳೆಗೊನೆಯ ಬಂಡಿಯವನು ಕಮಲಾಪುರಕ್ಕೆ ಹೋಗುವ ಬದಲು ಹಂಪಿಗೆ ಹೊರಳಿದ. ನಾನೂ ಇಳಿಯದೆ ಹೋದೆ. ಹಾಳು ಬಜಾರಿನ ಕಲ್ಲುಮಂಟಪದಲ್ಲಿ ಕೂತು ರೊಟ್ಟಿ ಬಿಚ್ಚಿದೆ. ಒಂದು ಕೋತಿ ಎದುರಿಗೆ ಬಂದು ಕೂತಿತು. ಅರ್ಧ ರೊಟ್ಟಿ ಅದರ ಮುಂದೆ ಇಟ್ಟೆ, ಆದರೆ ಬೆರಳು ಬಿಡಲಿಲ್ಲ. ಅದು ಎಳೆಯಿತು, ನಾನು ಬಿಡಲಿಲ್ಲ. ಕೊಡಬೇಕೆಂದೇ ಇಟ್ಟದ್ದು, ಆದರೂ ಬೆರಳು... ಕೋತಿ ನನ್ನನ್ನು ನೋಡಿದ ನೋಟ ಇತ್ತಲ್ಲ, ಹುಟ್ಟು ಹಿಡಿದ ದಿನದಿಂದ ಈ ಹದಿನೆಂಟು ವರ್ಷ ನಿನ್ನ ಬೆನ್ನನ್ನು ನಾನು ನೋಡುತ್ತಾ ಬಂದದ್ದು ಅದೇ ನೋಟ.

ಈ ಬೇಸಿಗೆಯಲ್ಲಿ ತಿಮ್ಮ ಹೆಂಡತಿಯನ್ನು ಕರೆದುಕೊಂಡು ಕಂಪ್ಲಿಗೆ ಬಂದ. ಗಣಿಯಲ್ಲಿ ಕೆಲಸ ಕಮ್ಮಿಯಾಗಿದೆ, ಎದೆಯಲ್ಲಿ ಕಪ್ಪುಕಲ್ಲಿನ ಧೂಳು ತುಂಬಿ ಗುಡ್ಡ ಹತ್ತಲಿಕ್ಕೆ ಆಗುವುದಿಲ್ಲವಂತೆ. ಕಬ್ಬಿನ ಗಾಡಿ ತುಂಬಿಸುವ ಕೂಲಿಗೆ ಆ ದಂಡೆಗೆ ಹೋಗುತ್ತಿದ್ದ, ನನ್ನ ಹರಿಗೋಲಿನಲ್ಲೇ. ಹುಟ್ಟಿನ ಕಡೆ ನೋಡದೆ, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದ. ಹಕ್ಕು ಬಿಟ್ಟುಕೊಟ್ಟವನು ಕೂರುವ ಹಾಗೆ. ದಿನಾ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ನಾನು ಹೇಳುವ ತಮಾಷೆಗೆ ಉಳಿದವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಎಷ್ಟು ದಿನ ಅಂತ ತಾಳಲಿ?

"ತಿಮ್ಮಗ ಹುಟ್ಟು ಕೊಡ್ತೀನಿ" ಎಂದಾಗ ಲಚುಮಿ ಅಕ್ಕಿಯ ಮೊರ ಕೆಳಗಿಟ್ಟಳು. "ಇದರಾಗ ಏನು ಮಸಲತ್ತೈತಿ?"

"ಏನಿಲ್ಲೇ. ಭುಜ ನೋಯ್ತೈತಿ. ಗಂಡುಮಕ್ಕಳಿಲ್ಲ."

"ನೀನು ಏನರ ಕೊಟ್ರ ಅದರ ಬಾಲಕ್ಕ ಒಂದು ದಾರ ಕಟ್ಟಿರ್ತಿ. ನಮ್ಮಪ್ಪನ ಅಳಿಯ ಅಲ್ಲೇನು ನೀನು?"

ನೋಡಿದೆಯಾ, ಅನುಮಾನ ನನ್ನೊಬ್ಬನ ರೋಗವಲ್ಲ, ಅದು ನಿನ್ನ ರಕ್ತದಲ್ಲೇ ಇದೆ.

ಮೊನ್ನೆ ಸೋಮವಾರ ಬೆಳಗ್ಗೆ ತಿಮ್ಮನೂ ನಾನೂ ನಡುಗುಂಡಿಗೆ ಹೋದೆವು. ದಂಡೆಯ ಮೇಲೆ ಅಂಬಿಗರು, ಅವರ ಹಿಂದೆ ಲಚುಮಿ. ದುರುಗಜ್ಜನಿಗೆ ಈಗ ಕಣ್ಣು ಮಂಜು, ಹೊತ್ತು ತಂದು ಕೂರಿಸಿದ್ದರು. ಹುಟ್ಟು ಕೊಟ್ಟೆ. ತಿಮ್ಮ ಹಿಡಿದ, ಗುದ್ದಲಿ ಹಿಡಿಯುವ ಹಾಗೆ. ಬೆನ್ನು ಮಾಡಿ ಕೂತೆ. ಸುಳಿ ಬಂತು. ಒಂದು ಸುತ್ತು. ನನಗೆ ಗೊತ್ತು, ಎಡಗಡೆ ಒಂದು ಗೇಣು ನೀರು ತಳ್ಳಿದರೆ ಸಾಕು, ನೆಟ್ಟಗಾಗುತ್ತದೆ. ಹಿಂದೆ ಅವನ ಏದುಸಿರು ಕೇಳುತ್ತಿತ್ತು. ಆಮೇಲೆ ಏನಾಯಿತೆಂದು ಹೇಳಬೇಕೇ ಮಾವ? ಮೊಣಕೈವರೆಗೆ ತಣ್ಣಗಾದಾಗಲೇ ನನಗೆ ತಿಳಿದದ್ದು.

"ಭಾವ, ಕೈ ಯಾಕ ನೀರಾಗ?"

"ಸುಣ್ಣ ಹತ್ತಿತ್ತು. ತೊಳಕಂತೀನಿ."

ನನ್ನ ಬಾಯಿಂದ ನಿನ್ನ ಮಾತು ಬಂತು! ಗಂಟಲೂ ನಿನ್ನದೇ.

"ನೀನು ಎಲಿ ಹಾಕ್ಕಣದೇ ಇಲ್ಲಲ್ಲ ಭಾವ" ಎಂದ ತಿಮ್ಮ. ನಾನು ನಿನ್ನನ್ನು ಕೇಳಬೇಕೆಂದು ಹದಿನೆಂಟು ವರ್ಷ ನುಂಗಿಕೊಂಡದ್ದನ್ನು ಅವನು ಒಂದು ಉಸಿರಿನಲ್ಲಿ ಕೇಳಿಬಿಟ್ಟ.

ದಂಡೆ ಮುಟ್ಟಿದೆವು. "ಕೈ ಒಣಗಿತ್ತೇನಲೇ ತಿಮ್ಮ?" ಎಂದ ದುರುಗಜ್ಜ. ತಿಮ್ಮ ನನ್ನ ಕಡೆ ನೋಡಿದ. ನಾನು ಆಕಾಶ ನೋಡಲಿಕ್ಕೆ ಹೊರಟೆ. ಅಲ್ಲಿ ನೋಡಲು ಏನೂ ಇರಲಿಲ್ಲ ಮಾವ, ಒಂದು ಹದ್ದೂ ಇರಲಿಲ್ಲ. ನಿನಗೆ ಅವತ್ತು ಏನು ಕಂಡಿತ್ತು?

"ಹಸಿ ಇತ್ತಜ್ಜ. ನಂದು ಹಸಿ ಇತ್ತು" ಎಂದೆ ನಾನೇ. "ಅವತ್ತು ಮಾವಂದೂ ಹಸಿ ಇತ್ತು. ನಾ ನೋಡೀನಿ. ಆ ದಿನ ಸುಳ್ಳು ಹೇಳ್ದೆ, ಆಮ್ಯಾಲ ಕಟ್ಟಿ ಮ್ಯಾಲ ನಗಿಸಿ ತಪ್ಪಿಸ್ಕೊಂಡೆ."

ಯಾರೋ ನಗಲು ಶುರು ಮಾಡಿ, ಇದು ತಮಾಷೆಯಲ್ಲ ಎಂದು ತಿಳಿದು ನಿಲ್ಲಿಸಿದರು. ದುರುಗಜ್ಜ ಬೊಚ್ಚು ಬಾಯಿ ಅಗಿದ. "ಹಂಗಾದ್ರ ಹುಟ್ಟು ಅವತ್ತಿನಿಂದ ಹುಲುಗಪ್ಪನ ಮನೀದು. ಅಂದ್ರ ತಿಮ್ಮಂದು. ನಿಂದಲ್ಲದ್ದನ್ನ ನೀ ಏನಲೇ ಬಿಟ್ಟುಕೊಡ್ತಿ?"

ಹದಿನೆಂಟು ವರ್ಷ ಅಂಗೈ ದಡ್ಡುಗಟ್ಟುವ ಹಾಗೆ ಹಾಕಿದ ಹುಟ್ಟು ಒಂದು ಮಾತಿನಲ್ಲಿ ನನ್ನದಲ್ಲವಾಯಿತು. ಬಿಟ್ಟುಕೊಡಲಿಕ್ಕೂ ನನ್ನ ಬಳಿ ಏನೂ ಉಳಿಯಲಿಲ್ಲ. ಎದ್ದು ಮನೆಗೆ ಹೊರಟೆ. ಹಿಂದಿನಿಂದ ತಿಮ್ಮನ ದನಿ ಬಂತು.

"ಹಂಗಲ್ಲಜ್ಜ. ಇಷ್ಟು ವರ್ಷ ಜನರನ್ನ ಮುಳುಗಿಸದಂಗ ದಾಟಿಸಿದಾವ ಇವನು. ನನಗ ಹುಟ್ಟು ಭಾವನ ಕೈಲೇ ಬೇಕು. ಒಣಗಿದ ಕೈಲೇ."

ಮತ್ತೆ ಹೋದೆವು. ಈ ಸಲ ನಾನು ಕೈಗಳನ್ನು ತೊಡೆಯ ಮೇಲೆ ಇಡಲಿಲ್ಲ, ಅವುಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ. ಎರಡೂ ಅಂಗೈ ಅಂಡಿನ ಕೆಳಗೆ ಹಾಕಿ, ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ ಕೂತೆ. ದಂಡೆಯವರು ಹೋ ಎಂದು ನಕ್ಕರು, ಲಚುಮಿಯ ನಗು ಅದರಲ್ಲಿ ಬೇರೆಯಾಗಿ ಕೇಳಿತು. ಸುಳಿ ಬಂತು. ಒಂದು ಸುತ್ತು. ಎರಡು. ಬೆರಳೆಲ್ಲ ನನ್ನ ಭಾರದ ಕೆಳಗೆ ಮೀನಿನ ಹಾಗೆ ಒದ್ದಾಡಿದವು. ಎಡಗಡೆ ಒಂದು ಗೇಣು, ಒಂದೇ ಗೇಣು... ಬಾಯಿಯನ್ನೂ ಮುಚ್ಚಿಕೊಂಡೆ, ಅದೂ ಒಂದು ಹುಟ್ಟೇ. ಮೂರು ಸುತ್ತು ತಿರುಗಿತು ಮಾವ. ಕಂಪ್ಲಿ, ನಿಜಾಮರ ದಂಡೆ, ಕಂಪ್ಲಿ, ನಿಜಾಮರ ದಂಡೆ. ನಾಲ್ಕನೆಯದಕ್ಕೆ ನಿನ್ನ ಮಗ ತಾನೇ ನೆಟ್ಟಗೆ ಮಾಡಿದ. ಅವನು ಬಿಟ್ಟ ಉಸಿರು ನನ್ನ ಕುತ್ತಿಗೆಗೆ ಬಿಸಿಯಾಗಿ ತಾಗಿತು.

ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಸಂಡೂರಿನಲ್ಲಿ ನೀನು, "ಕೈ ನೀರಾಗ ಇತ್ತು, ಹನುಮ ನೋಡಿದ, ಯಾರ ಮುಂದೂ ಅನ್ನಲಿಲ್ಲ" ಎಂದು ಹೇಳಿ ನಕ್ಕೆಯಂತೆ. ಯಾಕೆ ನಕ್ಕೆ? ಮೆಚ್ಚಿ ನಕ್ಕೆಯೋ, ಸಿಕ್ಕಿಹಾಕಿಕೊಂಡ ಎಂದು ನಕ್ಕೆಯೋ? ಮಗನಿಗೆಂದು ಇಟ್ಟ ಕೈಯೋ ಅದು, ಅಳಿಯ ಮುಳುಗಬಾರದೆಂದು ಇಳಿದ ಕೈಯೋ? ನನ್ನ ಕೈ ಯಾಕೆ ಇಳಿಯಿತೆಂದು ನನ್ನನ್ನು ಕೇಳಿದರೆ ನನಗೇ ಗೊತ್ತಿಲ್ಲ. ಹಾಗಾಗಿ ಆ ಪ್ರಶ್ನೆಯನ್ನು ಅರ್ಧ ಬಿಟ್ಟಿದ್ದೇನೆ. ಪೂರಾ ಬಿಟ್ಟಿಲ್ಲ, ನಾನೂ ನಿನ್ನ ಅಳಿಯನೇ.

ಈಗ ನನ್ನ ಜಗಳ ಬೇರೆ. ಅವತ್ತು ನೀನು ಕೈ ಇಡದಿದ್ದರೆ ನಾನು ಎಷ್ಟು ಸುತ್ತು ತಿರುಗುತ್ತಿದ್ದೆ? ಮೂರೋ, ಏಳೋ? ನಾನೇ ನೆಟ್ಟಗೆ ಮಾಡುತ್ತಿದ್ದೆನೋ, ಹರಿಗೋಲು ಬಂಡೆಗೆ ಬಡಿದು ಒಡೆಯುತ್ತಿತ್ತೋ? ಅದು ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ತಿಮ್ಮನಿಗೆ ಗೊತ್ತಾಯಿತು. ಅಷ್ಟರ ಮಟ್ಟಿಗೆ ಅವನು ನನಗಿಂತ ದೊಡ್ಡ ಅಂಬಿಗ.

ಇನ್ನು ಹುಟ್ಟು ನಿನ್ನ ಮಗನದು. ಮೇಲೆ ಎಲ್ಲೋ ಹೊಳೆಗೇ ಅಣೆಕಟ್ಟು ಕಟ್ಟುತ್ತಾರಂತೆ, ಬಾವುಟ ನೆಟ್ಟು ಅಳೆಯುತ್ತಿದ್ದಾರೆ. ನೀರನ್ನು ಯಾರು ಯಾರಿಗೆ ಬಿಟ್ಟುಕೊಡುತ್ತಾರೋ, ಯಾರ ಕೈ ಒಳಗಿರುತ್ತದೋ, ಅದನ್ನು ತಿಮ್ಮ ನೋಡಿಕೊಳ್ಳಲಿ. ನಿನ್ನ ಕಾಗದವನ್ನು ಹರಿದಿಲ್ಲ. ಪೆಟ್ಟಿಗೆಗೆ ಬೇವಿನೆಣ್ಣೆ ಹಚ್ಚಿ ಅದರಲ್ಲೇ ಇಟ್ಟಿದ್ದೇನೆ, ಪಕ್ಕದಲ್ಲಿ ರಾಯರಿಂದ ಬೇಡಿ ತಂದ ಮಸಿಯ ಡಬ್ಬಿಯೂ ಇದೆ. ಎಂದಾದರೂ ಈ ಕಡೆ ಬಂದರೆ ಹೆಬ್ಬೆಟ್ಟು ಒತ್ತಿ ಹೋಗು, ಮಸಿ ಒಣಗದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಬರುವಾಗ ಕೈ ತೊಳೆದುಕೊಂಡು ಬಾ. ಸುಣ್ಣ ಇರಬಾರದು.

ನಿನ್ನ ಅಳಿಯ,
ಹನುಮ